ರಕ್ತದ ಕಾಯಿಲೆಗೆ ಕಣ್ಣಿನ ಡಾಕ್ಟರ್ ಯಾಕೆ?

ಮಗುಗೆ ಥಲಸ್ಸೇಮಿಯಾ.
ಕಣ್ಣು ಯಾಕೆ ತೋರಿಸಬೇಕು?

ಥಲಸ್ಸೇಮಿಯಾ ಮೇಜರ್ ಇದ್ದರೆ
2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು.
ಒಂದೊಂದು ಬಾಟಲಿ ರಕ್ತದಲ್ಲೂ
ಸುಮಾರು 200 ಮಿಲಿಗ್ರಾಂ ಕಬ್ಬಿಣ.
ದೇಹದಿಂದ ಹೊರಹೋಗೋದು
ದಿನಕ್ಕೆ 1–2 ಮಿಲಿಗ್ರಾಂ ಅಷ್ಟೇ.

ತೂಬೇ ಇಲ್ಲದ ಕೆರೆಗೆ
ನೀರು ಬರ್ತಾನೇ ಇದ್ದ ಹಾಗೆ.
ಹೃದಯ, ಲಿವರ್, ಎಲ್ಲಾ ಕಡೆ ಕಬ್ಬಿಣ ತುಂಬುತ್ತೆ.

ಅದನ್ನ ಹೊರಹಾಕೋಕೆ ಔಷಧ ಇದೆ.
ಡೆಫೆರಾಕ್ಸಮೈನ್: ರಾತ್ರಿಯಿಡೀ, ಪಂಪ್‌ನಿಂದ, ಚರ್ಮದಡಿಗೆ.
ಡೆಫೆರಾಸಿರಾಕ್ಸ್: ದಿನಾ ತಗೊಳ್ಳೋ ಮಾತ್ರೆ.
ಜೀವ ಉಳಿಸೋ ಔಷಧಗಳು ಇವು.

ಆದರೆ ಕೆಲವರಲ್ಲಿ,
ಅದರಲ್ಲೂ ಕಬ್ಬಿಣ ಇಳಿದ ಮೇಲೂ
ಡೋಸ್ ಇಳಿಸದೇ ಇದ್ದಾಗ,
ಡೆಫೆರಾಕ್ಸಮೈನ್ ಕಣ್ಣಿನ ಒಳಪದರವಾದ ರೆಟಿನಾಗೆ ಪೆಟ್ಟು ಕೊಡಬಹುದು.
ಸಂಜೆಯಾದರೆ ಕಣ್ಣು ಕಾಣಲ್ಲ.
ಬಣ್ಣಗಳ ವ್ಯತ್ಯಾಸ ತಿಳಿಯಲ್ಲ.
ಇನ್ನು ಕಣ್ಣಿನ ಪೊರೆ,
ಎರಡೂ ಔಷಧಗಳಲ್ಲಿ ಕಂಡುಬಂದಿದೆ.

ನನಗೆ ಸಂಕಟ ಆಗೋದು ಇಲ್ಲೇ:
ಎಷ್ಟೋ ಮಕ್ಕಳು ಇದನ್ನ ಹೇಳೋದೇ ಇಲ್ಲ.
ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿರ್ತಾರೆ.

ಹಾಗಾಗಿ ಔಷಧ ಶುರುವಾಗೋ ಮೊದಲು ಒಮ್ಮೆ,
ಆಮೇಲೆ ಪ್ರತಿ ವರ್ಷ,
ರೆಟಿನಾ ಪರೀಕ್ಷೆ ಮಾಡಿಸಿ.
ಕಿವಿಗೂ ಪೆಟ್ಟಾಗಬಹುದು, ಅದರ ಪರೀಕ್ಷೆಯೂ ಇರಲಿ.

ಬೇಗ ಗೊತ್ತಾಗಿ ಔಷಧ ಬದಲಿಸಿದರೆ
ದೃಷ್ಟಿ ಎಷ್ಟೋ ಸಲ ಸುಧಾರಿಸುತ್ತೆ.
ನೀವಾಗಿ ನೀವೇ ನಿಲ್ಲಿಸಬೇಡಿ.
ರಕ್ತದ ಡಾಕ್ಟರನ್ನ ಕೇಳಿ.