ಐದು ಇದ್ದರೆ ನಾಲ್ಕರಿಂದ ಯಾಕೆ?

ಕಳೆದ ಶುಕ್ರವಾರ ಪಕ್ಕದ ಮನೆಯ ಹುಡುಗಿ ಲೆಕ್ಕದ ಪುಸ್ತಕ ಹಿಡಿದು ಬಂದಳು. "ಅಂಕಲ್, ಸ್ಯಾಂಪಲ್‌ನಲ್ಲಿ ಐದು ಸಂಖ್ಯೆ ಇದ್ದರೆ ವೇರಿಯನ್ಸ್‌ಗೆ ನಾಲ್ಕರಿಂದ ಯಾಕೆ ಭಾಗಿಸಬೇಕು?"

ಇಂಜಿನಿಯರಿಂಗ್‌ನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿ ಪಾಸಾದವನು ನಾನು. "ಸೂತ್ರ ಇರೋದೇ ಹಾಗೆ ಪುಟ್ಟಿ" ಅಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು.

ರಾತ್ರಿ ನಿದ್ದೆ ಹತ್ತಲಿಲ್ಲ. ರಾಸ್ ಲಫಾನ್‌ನಲ್ಲಿ ನನ್ನ ಕೆಲಸ ಅನಿಲ ಸ್ಥಾವರದ ರೀಡಿಂಗ್‌ಗಳಿಗೆ ಪ್ರೋಗ್ರಾಂ ಬರೆಯುವುದು. ಒಂದು ಕಡೆ ಐದೈದು ರೀಡಿಂಗ್‌ಗಳ ಏರಿಳಿತ ಲೆಕ್ಕ ಹಾಕುವಾಗ ನಾನು ಐದರಿಂದಲೇ ಭಾಗಿಸಿದ್ದು ನೆನಪಾಯಿತು!

ಬೆಳಿಗ್ಗೆ ಅವಳನ್ನು ಕರೆದು ಸ್ಟೀಲ್ ಡಬ್ಬಿಗೆ ಮೂರು ಚೀಟಿ ಹಾಕಿದೆ: 2, 4, 6. ಸರಾಸರಿ 4. ಅದರಿಂದ ಇರುವ ದೂರಗಳ ವರ್ಗ 4, 0, 4. ಕೂಡಿ ಮೂರರಿಂದ ಭಾಗಿಸಿದರೆ ನಿಜವಾದ ವೇರಿಯನ್ಸ್ 8/3. ಈಗ ಒಂದು ಚೀಟಿ ತೆಗೆದು, ನೋಡಿ, ವಾಪಸ್ ಹಾಕಿ, ಮತ್ತೊಂದು ತೆಗೆಯುವುದು. ಒಟ್ಟು ಒಂಬತ್ತು ಜೋಡಿ. ಒಂಬತ್ತನ್ನೂ ಬರೆದಳು. ಜೋಡಿಗಳ ಸರಾಸರಿ 2 ಒಮ್ಮೆ, 3 ಎರಡು ಸಲ, 4 ಮೂರು ಸಲ, 5 ಎರಡು ಸಲ, 6 ಒಮ್ಮೆ. ಪುಸ್ತಕದಲ್ಲಿ ಹೆದರಿಸುವ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ ಅಂದರೆ ಇಷ್ಟೇ. ಇವೆಲ್ಲದರ ಸರಾಸರಿ ಮತ್ತೆ 4, ಮೋಸವಿಲ್ಲ. ಆದರೆ ಪ್ರತಿ ಜೋಡಿಯ ವೇರಿಯನ್ಸ್ ಅನ್ನು ಎರಡರಿಂದ ಭಾಗಿಸಿ ತೆಗೆದರೆ ಒಂಬತ್ತರ ಸರಾಸರಿ ಬರೀ 4/3. ಅರ್ಧಕ್ಕರ್ಧ ಕಡಿಮೆ! ಬಯಾಸ್ ಅನ್ನುವುದು ಇದಕ್ಕೇ. ಒಂದರಿಂದ ಭಾಗಿಸಿದರೆ ಸರಿಯಾಗಿ 8/3.

2 ಮತ್ತು 4 ಬಂದಾಗ ನಾವು ದೂರ ಅಳೆಯುವುದು ಅವುಗಳ ನಡುವಿನ 3ರಿಂದ, ಡಬ್ಬಿಯ ನಿಜವಾದ 4ರಿಂದಲ್ಲ. ಸ್ಯಾಂಪಲ್ ಸರಾಸರಿಯನ್ನು ತನ್ನ ಮಗ್ಗುಲಿಗೇ ಎಳೆದುಕೊಂಡಿರುತ್ತದೆ. ಹುಡುಗಿಗೆ ಮುಂದಿನದು ತಾನೇ ಹೊಳೆಯಿತು: "ಒಂದರ ದೂರ ಗೊತ್ತಾದ್ರೆ ಇನ್ನೊಂದು ಹೇಗೂ ಗೊತ್ತಾಗುತ್ತೆ. ಅದಕ್ಕೇ ಒಂದು ಕಡಿಮೆ, ಅಲ್ವಾ ಅಂಕಲ್?"

ವಿದ್ಯಾರ್ಥಿಯ ಪ್ರಶ್ನೆಯಿಂದ ದೊಡ್ಡ ಪ್ರಮೇಯವೇ ಹುಟ್ಟಿದ್ದುಂಟು. ಸಿ. ಆರ್. ರಾವ್ (1920–2023) ಕಲ್ಕತ್ತದಲ್ಲಿ ಪಾಠ ಮಾಡುತ್ತಿದ್ದಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಫಿಶರ್ ದೊಡ್ಡ ಸ್ಯಾಂಪಲ್‌ಗಳಿಗೆ ಹೇಳಿದ್ದು ಸಣ್ಣವಕ್ಕೆ ಯಾಕಿಲ್ಲ ಎಂದು ಕೇಳಿದರು. ರಾವ್ ರಾತ್ರಿ ಕೂತು ಸಾಧಿಸಿದರು. 1945ರಲ್ಲಿ ಪ್ರಕಟವಾದ ಅದೇ ಕ್ರೇಮರ್-ರಾವ್ ಮಿತಿ: ಬಯಾಸ್ ಇಲ್ಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರಿಳಿತ ಒಂದು ಮಟ್ಟಕ್ಕಿಂತ ಕೆಳಗಿಳಿಯದು. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ ಎಂದಾಗ ಹುಡುಗಿಯ ಅಮ್ಮ, "ಮಲ್ಲಿಗೆ ಹಡಗಲೀನಾ? ನಮ್ಮ ಹೊಸಪೇಟೆ ಕಡೇದೇ!" ಎಂದು ಇನ್ನೊಂದು ಲೋಟ ಕಾಫಿ ತಂದರು.

ಭಾನುವಾರ ಆಫೀಸಿಗೆ ಹೋದವನೇ ಆ ಸಾಲು ತಿದ್ದಿದೆ. ವೇರಿಯನ್ಸ್ ಕಾಲು ಭಾಗ ಮೇಲೇರಿತು.