ಕಡತದ ಮೈ, ಕಡತದ ಹೊದಿಕೆ

ಹಾವೇರಿ ಸೀಮೆಯ ಗುತ್ತಲದ ಅರಸರು 12-13ನೇ ಶತಮಾನದಲ್ಲಿ ದಾನದ ವಿವರಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ದಿನಕ್ಕೊಮ್ಮೆ ಬದಲಾಗುವ ಅಂಗಡಿ ಲೆಕ್ಕಕ್ಕೆ ಕಲ್ಲು ಒಗ್ಗದು. ಅದಕ್ಕೆ ಕನ್ನಡಿಗರು ಕಂಡುಕೊಂಡದ್ದು ಕಡತ: ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ, ಹತ್ತಿಬಟ್ಟೆಯ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಅಪಾಯವೂ ಅದೇ, ಕೈ ಉಜ್ಜಿದರೂ ಬಾಕಿ ಅಳಿಸೀತು! ಹೀಗಾಗಿ ಇದರ ಹೊದಿಕೆ ಬರೀ ಅಲಂಕಾರವಲ್ಲ.

ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸಗ್ರಂಥದಲ್ಲಿ ವರ್ಣಿಸಿದ ಕಡತ 12ರಿಂದ 18 ಅಡಿ ಉದ್ದದ್ದು. ಎರಡೂ ತುದಿಗೆ ಬಣ್ಣ ಬಳಿದು ಮೆರುಗು ಕೊಟ್ಟ ಮರದ ಹಲಗೆ, ಮೇಲೆ ರೇಷ್ಮೆಯ ಇಲ್ಲವೆ ಹತ್ತಿಯ ಚೀಲ. ಬಡವರ ಕಡತಕ್ಕೆ ಹಲಗೆಯ ಸಿಂಗಾರವಿಲ್ಲ, ದಾರವೊಂದೇ. ಶೃಂಗೇರಿ ಮಠದ ಕಡತಗಳು ಉಳಿದುಬಂದಿವೆ. ಕಚೇರಿಯ ರಟ್ಟಿನ ಫೈಲಿಗೂ ಈಗ ಅದೇ ಹೆಸರು.