ಯಾವ ಅಡಿ, ಎಷ್ಟು ಮೀಟರ್?

ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ ಎಂಬ ಸೂತ್ರ ಅನಾದಿಯದೆಂಬಂತೆ ತೋರಿದರೂ, ಅದು ಅಂತರರಾಷ್ಟ್ರೀಯವಾಗಿ ನಿಶ್ಚಿತವಾದದ್ದು 1959ರಲ್ಲಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾಗಳು ಒಂದು ಗಜವೆಂದರೆ 0.9144 ಮೀಟರ್ ಎಂದು ಒಪ್ಪಿಕೊಂಡಾಗ, ಗಜದ ಮೂರನೆಯ ಒಂದು ಭಾಗವಾದ ಅಡಿಯೂ ಗಜದ 1760 ಪಟ್ಟಾದ ಮೈಲಿಯೂ ಅದರೊಂದಿಗೇ ಸ್ಥಿರಗೊಂಡವು. ಅದಕ್ಕೆ ಮೊದಲು ಅಡಿಯ ನಿಖರ ಉದ್ದ ಆಯಾ ದೇಶದ ಮಾನಕವನ್ನು ಅವಲಂಬಿಸಿತ್ತು. ಹಾಗಾಗಿ ಹಳೆಯ ದಾಖಲೆಯ ಅಡಿಯನ್ನು ಮೀಟರಿಗೆ ತಿರುಗಿಸುವವರು ಅದು ಯಾವ ಅಡಿ ಎಂದು ಮೊದಲು ಕೇಳಬೇಕಾಗುತ್ತದೆ.

ಭಾರತದ ಭೂಮಾಪನ ಇದಕ್ಕೆ ಅತ್ಯುತ್ತಮ ಸಾಕ್ಷಿ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಆಧಾರರೇಖೆಯೆಂದರೆ ನೆಲದ ಮೇಲೆ ಸರಪಳಿ ಹಾಸಿ ನೇರವಾಗಿ ಅಳೆದ ರೇಖೆ, ಅದರ ಆಚೆಗೆ ಕೋನಗಳನ್ನು ಮಾತ್ರ ಅಳೆದು ತ್ರಿಕೋನಗಳ ಭುಜಗಳನ್ನು ಲೆಕ್ಕದಿಂದಲೇ ಕಂಡುಕೊಳ್ಳಲಾಗುತ್ತದೆ. ಮೊದಲ ರೇಖೆಯ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ಮುಂದಿನ ಎಲ್ಲ ತ್ರಿಕೋನಗಳಿಗೂ ಹರಡುತ್ತದೆ. ಲ್ಯಾಂಬ್ಟನ್‌ನ ನಂತರ ಈ ಭೂಮಾಪನವನ್ನು ಮುನ್ನಡೆಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಸಮಭಾಜಕ ತ್ರಿಜ್ಯವನ್ನು 20922931.80 ಅಡಿಯೆಂದು ನಿಗದಿಪಡಿಸಿದನು. ಈ ಅಡಿ ಬ್ರಿಟಿಷ್ ಅಡಿಗಿಂತ ಅತ್ಯಲ್ಪವೇ ಚಿಕ್ಕದಾದ 'ಭಾರತೀಯ ಅಡಿ'. ಅದನ್ನು 1937ರ ಮೌಲ್ಯದಂತೆ 0.30479841 ಮೀಟರ್ ಎಂದು ಹಿಡಿದರೆ ತ್ರಿಜ್ಯ 6377276.345 ಮೀಟರ್, 1962ರ ಮೌಲ್ಯವಾದ 0.3047996ರಿಂದ ಗುಣಿಸಿದರೆ 6377301.243, 1975ರ 0.3047995ರಿಂದ 6377299.151. ಅಡಿಯ ಸಂಖ್ಯೆಯಲ್ಲಿ ಒಂದಂಕಿಯೂ ಬದಲಾಗದಿದ್ದರೂ ಮೀಟರಿನ ಉತ್ತರ ಸುಮಾರು 25 ಮೀಟರ್‌ವರೆಗೆ ಬದಲಾಗುತ್ತದೆ. ಹಳೆಯ ನಕ್ಷೆಯನ್ನು ಉಪಗ್ರಹ ಆಧಾರಿತ ನಕ್ಷೆಯೊಂದಿಗೆ ಹೊಂದಿಸುವವರು ಇವುಗಳಲ್ಲಿ ಯಾವುದನ್ನು ಬಳಸಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಅಮೆರಿಕದಲ್ಲಿಯೂ ಭೂಮಾಪನಕ್ಕೆಂದು ಬೇರೆಯೇ ಅಡಿಯೊಂದು ಉಳಿದುಕೊಂಡಿತ್ತು. ಅದನ್ನು ಕೈಬಿಟ್ಟದ್ದು 2022ರ ಕೊನೆಗೆ.

ಹೊಲ, ನಿವೇಶನಗಳ ಲೆಕ್ಕಕ್ಕೆ ಇಷ್ಟು ಸೂಕ್ಷ್ಮ ಬೇಕಿಲ್ಲ. ಅಲ್ಲಿ ತೊಂದರೆ ಬರುವುದು ಅಂಕಿಗಳನ್ನು ಅವಸರದಲ್ಲಿ ದುಂಡು ಮಾಡುವುದರಿಂದ. ಎಕರೆಯನ್ನು ಅಳೆಯುತ್ತಿದ್ದುದು 66 ಅಡಿ ಉದ್ದದ, 100 ಕೊಂಡಿಗಳ ಗುಂಟರ್ ಸರಪಳಿಯಿಂದ. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಕರ್ನಾಟಕದ ಪಹಣಿಯಲ್ಲಿ ಇಂದಿಗೂ ಕಾಣುವ ಗುಂಟೆ ಅದರ ನಲವತ್ತನೆಯ ಒಂದು ಭಾಗ, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಮೆಟ್ರಿಕ್‌ನಲ್ಲಿ 101.17 ಚದರ ಮೀಟರ್. ಲೆಕ್ಕ ಸುಲಭವಾಗಲೆಂದು ಗುಂಟೆಗೆ 100 ಚದರ ಮೀಟರ್ ಹಿಡಿದರೆ ಎಕರೆಯೊಂದಕ್ಕೆ 46.86 ಚದರ ಮೀಟರ್, ಅಂದರೆ ಸುಮಾರು 504 ಚದರ ಅಡಿ ಕಾಗದದ ಮೇಲಿಂದ ಮಾಯವಾಗುತ್ತದೆ. ಸಣ್ಣ ಹಿಡುವಳಿದಾರನಿಗೆ ಇದು ಅಲ್ಪವಲ್ಲ. ಉದ್ದ-ಅಗಲಗಳನ್ನು ಎಲ್ಲ ದಶಮಾಂಶಗಳೊಂದಿಗೆ ಮೀಟರಿಗೆ ತಿರುಗಿಸಿ, ಗುಣಿಸಿ, ಕೊನೆಯಲ್ಲಷ್ಟೇ ದುಂಡು ಮಾಡುವುದು ಸರಿಯಾದ ಕ್ರಮ. ಮೂವತ್ತು-ನಲವತ್ತರ ನಿವೇಶನ ಹೀಗೆ 111.48 ಚದರ ಮೀಟರ್ ಆಗುತ್ತದೆ. ಅಡಿಯನ್ನು ಮೊದಲೇ 0.3 ಮೀಟರ್ ಎಂದು ಹಿಡಿದರೆ ಸಿಗುವುದು 108 ಮಾತ್ರ, ಮಾಲೀಕನ ಕೈತಪ್ಪುವುದು 37 ಚದರ ಅಡಿಗೂ ಹೆಚ್ಚು ಜಾಗ.